ಬೈಬಲ್ಲು ಕಪಾಟಿನಲ್ಲಿ, ಬೇರೆ ಲೋಟ ಹಿತ್ತಲಲ್ಲಿ

ಕಾರ್ಕಳದಲ್ಲಿ ಮಾಳದ ಬಸ್ಸಿಗೆ ಕಾಯುವವರಿಗೆ ಗೊತ್ತೋ ಇಲ್ಲವೋ, ಪಂಡಿತಾ ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಆ ಮಾಳದವರೇ. ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟು ವಿರೋಧ ಕಟ್ಟಿಕೊಂಡರು, ಗಂಗಾಮೂಲದ ಕಾಡು ಸೇರಿದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲೇ.

ಆ ಹಳೇ ಕಥೆ ಈಗ ಯಾಕೆ ಅಂತೀರಾ? ನಮ್ಮ ಕ್ರೈಸ್ತ ಬಂಧುಗಳ ಹತ್ತಿರ ಒಂದು ಮಾತು ಆಡಬೇಕಾಗಿದೆ, ಅದಕ್ಕೆ.

ರಮಾಬಾಯಿ ಮದುವೆಯಾಗಿ ಅಸ್ಸಾಮಿನ ಸಿಲ್ಚಾರ್‌ನಲ್ಲಿದ್ದಾಗ ಮನೆಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. ಓದಿದರು. ಆಮೇಲೆ ಗಂಡ ತೀರಿಕೊಂಡರು. 1883ರಲ್ಲಿ ಪುಟ್ಟ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದರು. ಅಲ್ಲಿ, ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಕ್ರೈಸ್ತ ಸಿಸ್ಟರುಗಳು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡರು. ಇದೆಲ್ಲ ಯಾಕೆ ಮಾಡ್ತೀರಿ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ: ಬಾವಿಕಟ್ಟೆಯ ಸಮಾರ್ಯದ ಹೆಂಗಸಿನ ಕಥೆ.

ಓದಿ ಕಣ್ಣೊರೆಸಿಕೊಂಡು ಸುಮ್ಮನೆ ಕೂರಲಿಲ್ಲ ಈಕೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರ ಬರದಲ್ಲಿ ನೂರಾರು ಅನಾಥ ಹುಡುಗಿಯರನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅನ್ನ, ಅಕ್ಷರ, ಕಸುಬು ಕೊಟ್ಟರು. ಹಾಗಂತ ಸಿಸ್ಟರುಗಳು ಹೇಳಿದ್ದಕ್ಕೆಲ್ಲ ತಲೆ ಆಡಿಸಿದವರಲ್ಲ. ಪತ್ರ ಬರೆದು ಜಗಳವಾಡಿದವರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತಂದರು. ಆ ಕೆಲಸ ಮುಗಿಸಿಯೇ 1922ರಲ್ಲಿ ಕಣ್ಣು ಮುಚ್ಚಿದ್ದು. ಓದು ಅಂದರೆ ಇದು ಸ್ವಾಮಿ!

ಈಗ ನಮ್ಮೂರಿಗೆ ಬನ್ನಿ. ಆ 4ನೇ ಅಧ್ಯಾಯದಲ್ಲಿ ನಡೆಯುವುದೇನು? ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳದ ಕಾಲ. ಅಂಥ ಹೆಂಗಸಿನ ಹತ್ತಿರ ಯೇಸು ಕುಡಿಯಲು ನೀರು ಕೇಳುತ್ತಾನೆ. ಸೇದಲು ಅವನ ಬಳಿ ಏನೂ ಇಲ್ಲ, ಅವಳ ಕೊಡವೇ ಗತಿ. ಅದೇ ಬೈಬಲ್ಲನ್ನು ಕಪಾಟಿನಲ್ಲಿಟ್ಟ ಮನೆಯ ಹಿತ್ತಲಲ್ಲಿ, ಕೆಲಸದವಳಿಗೆಂದು ಬೇರೆ ಲೋಟ ಕವುಚಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜಾತಿ ನೋಡದೆ ಹೆಣ್ಣು ಕೊಡುವ ಕ್ರೈಸ್ತ ಮನೆಗಳು ಎಷ್ಟಿವೆ? ನೀವೇ ಎಣಿಸಿ.

"ಬೇರೆಯವರ ಮನೆಯಲ್ಲಿ ಇಲ್ಲವಾ?" ಅಂತ ಕೇಳಬಹುದು. ಇದೆ, ಧಾರಾಳವಾಗಿ ಇದೆ. ಅವರಿಗೆ ಹೇಳುವುದೂ ಇದೆ, ಇನ್ನೊಂದು ದಿನ ಹೇಳೋಣ. ಆದರೆ ಬಾವಿಕಟ್ಟೆಯ ಕಥೆಯನ್ನು ಭಾನುವಾರ ಕೇಳಿ ಬರುವವರು ನೀವು.

ಅಂಗಡಿ ಇಟ್ಟವರು ಲೂಕನ 19ನೇ ಅಧ್ಯಾಯವನ್ನೂ ಒಮ್ಮೆ ತೆರೆಯಿರಿ. ಸುಂಕದ ಜಕ್ಕಾಯ ಬದಲಾದ ಅಂತ ಊರಿಗೆ ಗೊತ್ತಾಗಿದ್ದು ಅವನ ಪ್ರಾರ್ಥನೆಯಿಂದಲ್ಲ, ಲೆಕ್ಕದಿಂದ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕು ಪಾಲು ವಾಪಸು ಅಂದ. ನಾಲ್ಕು ಪಾಲು ಬೇಡಪ್ಪಾ, ತಕ್ಕಡಿ ನೆಟ್ಟಗಿದ್ದರೆ ಗಿರಾಕಿಗೆ ಅಷ್ಟೇ ಸಾಕು.

ಪಾದ್ರಿಗಳು ಓದಿ ಹೇಳುತ್ತಾರೆ ಅಂತ ಬಿಡಬೇಡಿ. ಬಸ್ಸಿನಲ್ಲಿ ಸೀಟು ಸಿಕ್ಕರೆ ಒಂದು ಅಧ್ಯಾಯಕ್ಕೆ ಹತ್ತು ನಿಮಿಷ ಸಾಕು. ಸಂಜೆ ಮನೆಗೆ ಹೋಗಿ ಆ ಬೇರೆ ಲೋಟವನ್ನು ತೊಳೆದು, ಒಳಗಿನ ಲೋಟಗಳ ಜೊತೆಗೆ ಇಡಿ. ನಾಳೆ ಬೆಳಿಗ್ಗೆ ಅದರಲ್ಲಿ ನೀವೇ ಕಾಫಿ ಕುಡಿಯಿರಿ.