ಚೀನಾದಲ್ಲಿದ್ದೂ ಚೀನಿ ಬಾರದವರು

ಬೀಜಿಂಗಿನಲ್ಲಿರುವ ನಮ್ಮ ರಾಯಭಾರ ಕಚೇರಿ 2022ರ ಸೆಪ್ಟೆಂಬರಿನಲ್ಲಿ, ಚೀನಾಕ್ಕೆ ವೈದ್ಯಕೀಯ ಓದಲು ಹೊರಟವರಿಗಾಗಿ ಒಂದು ಸೂಚನಾಪತ್ರ ಹೊರಡಿಸಿತು. ಅದರಲ್ಲಿದ್ದ ಒಂದು ಅಂಶ: ಪಾಠ ಇಂಗ್ಲಿಷಿನಲ್ಲೇ ನಡೆದರೂ ರೋಗಿಗಳೊಡನೆ ಮಾತಾಡಲು ಚೀನಿ ಕಲಿಯಲೇಬೇಕು, ಎಚ್‌ಎಸ್‌ಕೆ ಪರೀಕ್ಷೆಯ ನಾಲ್ಕನೇ ಹಂತ ಮುಟ್ಟದವರಿಗೆ ಪದವಿ ಇಲ್ಲ. ಐದಾರು ವರ್ಷ ಅಲ್ಲೇ ಇರುವವರಿಗೆ ಇದನ್ನು ಬರೆದು ತಿಳಿಸಬೇಕಾಯಿತು! ದೇಶಕ್ಕೆ ಹೋದರೆ ಭಾಷೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೊಂದು ವಿಚಿತ್ರ, ಆ ನಾಲ್ಕನೇ ಹಂತದ ಪರೀಕ್ಷೆಯಲ್ಲಿ ಇದ್ದದ್ದು ಕೇಳುವುದು, ಓದುವುದು, ಬರೆಯುವುದು ಮಾತ್ರ. ಮಾತಿಗೆ ಬೇರೆಯೇ ಪರೀಕ್ಷೆ. ಬಾಯಿ ಬಿಡದೆಯೇ ಪಾಸಾಗಬಹುದಿತ್ತು.

ಮುಂಬೈಯಲ್ಲಿರುವ ನಮಗೆ ಇದು ಹೊಸದೇನಲ್ಲ. ಉಡುಪಿ ಹೋಟೆಲಿಗೆ ಬಂದ ಹುಡುಗರು ಮರಾಠಿ ಕಲಿತದ್ದು ಗಿರಾಕಿಯ ಬೈಗುಳ ಕೇಳಿ. ಅದೇ ಊರಲ್ಲಿ ಮೂವತ್ತು ವರ್ಷ ಕಳೆದೂ ಹಿಂದಿಯಲ್ಲೇ ದಿನ ದೂಡಿದವರೂ ನಮ್ಮಲ್ಲೇ ಇದ್ದಾರೆ. ಊರು ಒಂದೇ, ಅನಿವಾರ್ಯತೆ ಬೇರೆ.

ಚೀನಾದಲ್ಲಿ ಆ ಅನಿವಾರ್ಯತೆ ಈಗ ದಿನೇದಿನೇ ಕರಗುತ್ತಿದೆ. ಹಿಂದೆ ಒಂದು ಕಿಲೋ ಸೇಬಿಗೂ ಚೌಕಾಸಿ ಮಾಡಬೇಕಿತ್ತು. ಈಗ ಫೋನಿನಿಂದ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಊಟ, ಟ್ಯಾಕ್ಸಿ, ರೈಲು ಟಿಕೆಟ್ ಎಲ್ಲವೂ ಫೋನಿನಲ್ಲೇ, ಅನುವಾದವೂ ಅಲ್ಲೇ. ಸಾಲದ್ದಕ್ಕೆ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲು ಸಾಮಾನ್ಯವಾಗಿ ಬೇರೆ ಕಟ್ಟಡದಲ್ಲಿ. ಮೂಕರಾಗಿ ಸುಖವಾಗಿ ಬದುಕಲು ಇಷ್ಟು ಅನುಕೂಲವಿರುವ ದೇಶದಲ್ಲಿ ಮಾತು ಹೇಗೆ ಕಲಿಯಬೇಕು?

ಅಮೆರಿಕದ ವರ್ಮಾಂಟಿನಲ್ಲಿರುವ ಮಿಡಲ್‌ಬರಿ ಕಾಲೇಜು ಇದಕ್ಕೆ ಉತ್ತರ ಕಂಡುಕೊಂಡು ಬಹಳ ಕಾಲವಾಯಿತು. ಅಲ್ಲಿನ ಬೇಸಿಗೆ ಭಾಷಾ ಶಾಲೆಗೆ ಸೇರುವವರು ಕಲಿಯುವ ಭಾಷೆಯನ್ನಲ್ಲದೆ ಬೇರೇನೂ ಆಡುವುದಿಲ್ಲವೆಂದು ಬರೆದುಕೊಡಬೇಕು. 1993ರಲ್ಲಿ ಶುರುವಾದ 'ಪ್ರಿನ್ಸ್‌ಟನ್ ಇನ್ ಬೀಜಿಂಗ್' ಎಂಬ ಎಂಟು ವಾರಗಳ ಶಿಬಿರವೂ ಇದೇ ಪ್ರತಿಜ್ಞೆ ಕೇಳುತ್ತದೆ. ತರಗತಿಯಲ್ಲಷ್ಟೇ ಅಲ್ಲ, ಊಟಕ್ಕೆ ಕೂತಾಗಲೂ. ಅಮೆರಿಕದ ಹಳ್ಳಿಗಾಡಿನಲ್ಲಿ ಚೀನಿಯಲ್ಲೇ ಮುಳುಗಬಹುದು, ಶಾಂಘೈನಲ್ಲಿದ್ದು ಒಣಗಿಯೇ ಇರಬಹುದು ಅಂತಾಯಿತು.

ಹೊರಟವರು ಲೆಕ್ಕವನ್ನೂ ತಿಳಿದಿರಬೇಕು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ, ಇಂಗ್ಲಿಷ್ ಮಾತೃಭಾಷೆಯವರಿಗೆ ಚೀನಿ ಕೈಹತ್ತಲು 88 ವಾರ, ಸುಮಾರು 2,200 ತರಗತಿ ಗಂಟೆ ಬೇಕೆನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ಮೂರು ತಿಂಗಳ ಕೋರ್ಸೆಂದರೆ 240 ಗಂಟೆ, ಅಂದರೆ ಒಂಬತ್ತನೇ ಒಂದು ಪಾಲು. ಹಾಗಾಗಿ ಬುಡದಿಂದ ಶುರುಮಾಡಲು ಚೀನಾಕ್ಕೆ ಹೋಗುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಒಂದೆರಡು ವರ್ಷ ಇಲ್ಲೇ ಕಲಿತು, ತಪ್ಪುತಪ್ಪಾಗಿಯಾದರೂ ಮಾತಾಡುವ ಹಂತಕ್ಕೆ ಬಂದು ಹೋದವರಿಗೆ ಅಲ್ಲಿನ ಬೀದಿಯೇ ಪಾಠ ಹೇಳುತ್ತದೆ. ಉಳಿದವರಿಗೆ ಅದು ಬರೀ ಗದ್ದಲ.

ಬೀದಿ ಹೇಳದ ಪಾಠವೂ ಒಂದಿದೆ: ಧ್ವನಿಯ ಏರಿಳಿತ. ಇಳಿದು ಏರುವ 'ಮಾಯ್' ಎಂದರೆ ಕೊಳ್ಳು, ಥಟ್ಟನೆ ಇಳಿಯುವ 'ಮಾಯ್' ಎಂದರೆ ಮಾರು. ವಿದೇಶಿಯ ತಪ್ಪನ್ನು ಅಂಗಡಿಯವನು ಸಂದರ್ಭದಿಂದ ಊಹಿಸಿಕೊಂಡು ನಗುತ್ತಾನೆ, ತಿದ್ದುವುದಿಲ್ಲ. ಹಾಗೆ ತಿದ್ದಿಸಿಕೊಳ್ಳದ ತಪ್ಪು ಎರಡು ವರ್ಷದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಪ್ರತಿ ಶಬ್ದಕ್ಕೂ ತಡೆದು ನಿಲ್ಲಿಸುವ ಮೇಷ್ಟರೊಬ್ಬರು ಬೇಕೇಬೇಕು. ನಮಗೊಂದು ಸಣ್ಣ ಅನುಕೂಲವುಂಟು. ಇಂಗ್ಲಿಷಿನವರು 'ಬ' ಎಂದು ಬರೆದುಕೊಳ್ಳುವುದು ಚೀನಿ ಬಾಯಲ್ಲಿ ನಮ್ಮ 'ಪ'ಕ್ಕೆ ಹತ್ತಿರ, ಅವರ 'ಪಿ' ನಮ್ಮ ಮಹಾಪ್ರಾಣ. ಆಡುಮಾತಿನಲ್ಲಿ ಮಹಾಪ್ರಾಣವನ್ನು ನುಂಗಿ ಕೂತ ನಾವು ಚೀನಿಗಾಗಿಯಾದರೂ ಅದನ್ನು ಹೊರತೆಗೆಯಬಹುದು!

ಆಸ್ಪತ್ರೆಯ ವಿಷಯಕ್ಕೆ ಮರಳಿದರೆ, ಪಠ್ಯಪುಸ್ತಕ ಮೊದಲು ಕಲಿಸುವುದು ನೋವಿಗೆ 'ಥಂಗ್' ಎಂಬ ಒಂದೇ ಪದ. ಹಾಸಿಗೆಯಲ್ಲಿ ಮಲಗಿದ ಮುದುಕಿ ಸೊಂಟ 'ಸ್ವಾನ್' ಎನ್ನುತ್ತಾಳೆ. ಹುಳಿ ಎಂಬ ಪದವೇ ಅಲ್ಲಿ ಜಗ್ಗಿದಂಥ ನೋವಿಗೂ ಸಲ್ಲುತ್ತದೆ. ಕೈ 'ಮಾ' ಎಂದರೆ ಜೋಮು, ಹೊಟ್ಟೆ 'ಚಾಂಗ್' ಎಂದರೆ ಉಬ್ಬರ. ಸಿಚುವಾನಿನ ಮುದುಕಿಯಾದರೆ ಇದನ್ನೆಲ್ಲ ತನ್ನ ಸೀಮೆಯ ರಾಗದಲ್ಲಿ ಹೇಳುತ್ತಾಳೆ. ಜೋಮನ್ನು ನೋವೆಂದು ಬರೆದುಕೊಂಡರೆ ಎಡವಟ್ಟಾಗುವುದು ಪರೀಕ್ಷೆಯ ಅಂಕದಲ್ಲಲ್ಲ, ಚಿಕಿತ್ಸೆಯಲ್ಲಿ. ಈ ಪದಗಳು ಸಿಗುವುದು ನರ್ಸುಗಳ ಹಿಂದೆ ವಾರ್ಡು ಸುತ್ತುವವರಿಗೆ, ಸಂಜೆ ರೋಗಿಯ ಕಡೆಯವರ ಪಕ್ಕ ಕೂತು ಹರಟುವವರಿಗೆ.

ಕಳುಹಿಸುವ ಏಜೆಂಟರು ಹಾಸ್ಟೆಲಿನಲ್ಲಿ ನಮ್ಮ ಕಡೆಯ ಊಟ ಸಿಗುತ್ತದೆ, ನಮ್ಮ ಹುಡುಗರೇ ತುಂಬಿದ್ದಾರೆ ಎಂದು ತಂದೆತಾಯಿಗೆ ಧೈರ್ಯ ಹೇಳುತ್ತಾರೆ. ಊಟ ಸಿಗಲಿ, ಸಂತೋಷ. ಫೀಸು ಕಟ್ಟುವ ಮೊದಲು, ಕೋಣೆಯಲ್ಲಿ ಜೊತೆಗಿರುವವನು ಯಾವ ಭಾಷೆಯವನು ಎಂದೂ ಕೇಳಿ.