ರೂಟ್ ಮಹಾಶಯನಿಗೆ ಚಿತ್ರದ್ವಾರವೇಕೆ?

ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿಕೊಂಡ ಗಣಕಯಂತ್ರವನ್ನು ಚಾಲೂ ಮಾಡಿದೊಡನೆ, ಹೆಸರನ್ನೂ ಸಂಕೇತಪದವನ್ನೂ ಕೇಳುವ ಚಿತ್ರರೂಪದ ಪ್ರವೇಶದ್ವಾರವೊಂದು ಪರದೆಯ ಮೇಲೆ ಮೂಡುತ್ತದೆ. ಅಲ್ಲಿ ತಮ್ಮ ಸ್ವಂತ ಹೆಸರು ಯಾವುದೋ ಕಾರಣದಿಂದ ಸಲ್ಲದೆ ಹೋದರೆ, ಹೊಸಬರಲ್ಲಿ ಕೆಲವರು ಕಾರಣವನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. 'ರೂಟ್' ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿ ಒಳಹೊಕ್ಕು, ಅಂದಿನಿಂದ ಪತ್ರ ಬರೆಯುವುದು, ಚಿತ್ರ ನೋಡುವುದು, ಜಾಲವನ್ನು ಸುತ್ತುವುದು ಎಲ್ಲವನ್ನೂ ಆ ಹೆಸರಿನಲ್ಲಿಯೇ ನಡೆಸುತ್ತಾರೆ. ಇದು ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ ಎಂಬುದು ನಮ್ಮ ಅಭಿಪ್ರಾಯ.

ಈ ರೂಟ್ ಯಾರು? ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯ ರಚನೆಗೆ ಕೈಹಾಕಿದರು. ಅಂದಿನ ಯಂತ್ರಗಳು ದುಬಾರಿ. ಒಂದನ್ನೇ ಹಲವರು ಹಂಚಿಕೊಂಡು ಬಳಸಬೇಕು. ಒಬ್ಬನ ಕಡತಕ್ಕೆ ಇನ್ನೊಬ್ಬನು ಕೈಹಾಕದಂತೆ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ ಕೊಡಲಾಯಿತು. ಸೊನ್ನೆಯ ಸಂಖ್ಯೆ ಹೊತ್ತವನಿಗೆ ಮಾತ್ರ ಯಾವ ತಡೆಯೂ ಇಲ್ಲ. ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಕ್ರಮವನ್ನೇ ಅನುಸರಿಸಿತು. ಡೆಬಿಯನ್, ಫೆಡೋರಾ ಮುಂತಾದವುಗಳಲ್ಲಿ ಸಾಮಾನ್ಯ ಬಳಕೆದಾರರ ಎಣಿಕೆ ೧೦೦೦ದಿಂದ ಮೊದಲಾಗುತ್ತದೆ. ವ್ಯವಸ್ಥೆಯ ತಿರುಳು ನೋಡುವುದು ನಮ್ಮ ಹೆಸರನ್ನಲ್ಲ, ಈ ಸಂಖ್ಯೆಯನ್ನು.

ಇನ್ನು ಪ್ರವೇಶದ್ವಾರದ ಕಾರ್ಯವನ್ನು ನೋಡೋಣ, ಇದರಲ್ಲಿ ಸ್ವಾರಸ್ಯವಿದೆ. ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ ಎಂಬ ಹೆಸರಿನ ದ್ವಾರಪಾಲಕ ಕಾರ್ಯಕ್ರಮಗಳಿವೆ. ಅವುಗಳ ಪೂರ್ವಜ ಎಕ್ಸ್‌ಡಿಎಂ ಬಂದದ್ದು ೧೯೮೮ರಲ್ಲಿ. ಸಂಕೇತಪದಗಳ ಕಡತವನ್ನು ಎಲ್ಲರೂ ಓದಬಾರದಾದ್ದರಿಂದ ದ್ವಾರಪಾಲಕನು ಆರಂಭದಲ್ಲಿ ರೂಟ್ ಅಧಿಕಾರವನ್ನು ಹೊಂದಿರಲೇಬೇಕು. ಆ ಕಡತದಲ್ಲಿಯೂ ಸಂಕೇತಪದ ಇದ್ದಂತೆಯೇ ಇರುವುದಿಲ್ಲ. ಅದನ್ನು ಗಣಿತಕ್ರಮದಿಂದ ಅರೆದು ಗುರುತು ಸಿಗದಂತೆ ಮಾಡಿದ ರೂಪವಿರುತ್ತದೆ. ನಾವು ಬೆರಳಚ್ಚಿಸಿದ್ದನ್ನು ಅದೇ ರೀತಿ ಅರೆದು ಹೋಲಿಸಿ, ಎರಡೂ ಸರಿಹೊಂದಿದರೆ ನಮ್ಮ ಪರವಾಗಿ ಹೊಸದೊಂದು ಪ್ರಕ್ರಿಯೆ ಹುಟ್ಟುತ್ತದೆ. ಅದು ಸೊನ್ನೆಯನ್ನು ಕಳಚಿ ನಮ್ಮ ಸಂಖ್ಯೆಯನ್ನು ಧರಿಸುತ್ತದೆ. ಒಮ್ಮೆ ಕಳಚಿದ್ದನ್ನು ತಾನಾಗಿ ಮತ್ತೆ ತೊಡಲಾರದು. ಬಳಿಕ ತೆರೆಯುವ ಕಿಟಕಿಗಳೆಲ್ಲ ಅದರ ಸಂತತಿ. ಆ ಮಿತವಾದ ಅಧಿಕಾರವೇ ಅವಕ್ಕೂ ಬರುತ್ತದೆ.

ರೂಟ್ ಹೆಸರಿನಲ್ಲಿ ಹೊಕ್ಕವನು ಈ ಕಳಚುವ ಹಂತವನ್ನೇ ನಿರರ್ಥಕಗೊಳಿಸುತ್ತಾನೆ. ಗಡಿಯಾರ ತೋರಿಸುವ ಪುಟ್ಟ ಕಾರ್ಯಕ್ರಮದಿಂದ ಹಿಡಿದು ಅಪರಿಚಿತರ ಪುಟಗಳನ್ನು ತಂದು ತೋರಿಸುವ ಜಾಲವೀಕ್ಷಕದವರೆಗೆ, ಲಕ್ಷಾಂತರ ಸಾಲುಗಳ ಆ ಬರವಣಿಗೆಯಲ್ಲಿ ಎಲ್ಲಿ ದೋಷವಿದ್ದರೂ ಅದರ ಕೈಗೆ ಇಡೀ ಯಂತ್ರದ ಬೀಗದ ಕೈ ಸಿಕ್ಕಂತಾಯಿತು. ಭದ್ರತಾಪರೀಕ್ಷೆಗೆಂದೇ ರಚಿತವಾದ ಕಾಲಿ ಲಿನಕ್ಸ್, ತನ್ನ ಉಪಕರಣಗಳಿಗೆ ಅಗತ್ಯವೆಂದು ಬಹುಕಾಲ ರೂಟ್ ಪ್ರವೇಶವನ್ನೇ ರೂಢಿಯಾಗಿಟ್ಟುಕೊಂಡಿತ್ತು. ಅದು ಕೂಡ ೨೦೨೦ರ ಆವೃತ್ತಿಯಿಂದ ಸಾಮಾನ್ಯ ಬಳಕೆದಾರನ ಕ್ರಮಕ್ಕೆ ಬಂದಿತು.

ಹಾಗಾದರೆ ಸ್ವಂತ ಹೆಸರು ಸಲ್ಲದಿರುವುದೇಕೆ? ಸಂಕೇತಪದ ಸರಿಯಾಗಿಯೇ ಇರುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ದ್ವಾರ ಬಂದು ನಿಲ್ಲುತ್ತದೆ. ವಿದ್ಯಾರ್ಥಿಗೆ ದಿಗಿಲು. ಸಾಮಾನ್ಯವಾಗಿ ಕಾರಣ ಸಣ್ಣದೇ. ಅನೇಕ ವ್ಯವಸ್ಥೆಗಳಲ್ಲಿ ಪರದೆಯ ಬಳಕೆಗೆ ಅನುಮತಿ ನೀಡುವ 'ಎಕ್ಸ್‌ಅಥಾರಿಟಿ' ಎಂಬ ಅಡಗಿದ ಕಡತವು ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿರುತ್ತದೆ. ಚಿತ್ರಪರಿಸರವನ್ನು ಎಂದೋ ರೂಟ್ ಅಧಿಕಾರದಿಂದ ಚಾಲನೆ ಮಾಡಿದ್ದರೆ ಆ ಕಡತದ ಒಡೆತನ ರೂಟಿಗೆ ಹೋಗಿಬಿಟ್ಟಿರಬಹುದು. ಕಂಟ್ರೋಲ್, ಆಲ್ಟ್, ಎಫ್೩ ಕೀಲಿಗಳನ್ನು ಒಟ್ಟಿಗೆ ಒತ್ತಿ ಅಕ್ಷರರೂಪದ ಪರದೆಗೆ ಹೋಗಿ, 'ಚೌನ್' ಆಜ್ಞೆಯಿಂದ ಒಡೆತನವನ್ನು ಮರಳಿ ಪಡೆದರೆ ತೀರಿತು. ಇನ್ನು ಕೆಲವೊಮ್ಮೆ ಹೋಮ್ ಡೈರೆಕ್ಟರಿಯೇ ಇರುವುದಿಲ್ಲ: ಡೆಬಿಯನ್‌ನಲ್ಲಿ 'ಯೂಸರ್‌ಆಡ್' ಆಜ್ಞೆ ಕೇಳದೆ ಅದನ್ನು ಕಟ್ಟಿಕೊಡದು, 'ಆಡ್‌ಯೂಸರ್' ಕಟ್ಟಿಕೊಡುತ್ತದೆ. ಹೆಸರು ಹಿಂದುಮುಂದಾದರೆ ಮನೆಯೇ ಇಲ್ಲ!

ಮೂರನೆಯ ಕಾರಣ ಇನ್ನೂ ಮೋಸದ್ದು. ಡಿಸ್ಕು ತುಂಬಿಹೋಗಿ, ಪ್ರವೇಶಕಾಲದಲ್ಲಿ ಬರೆಯಬೇಕಾದ ಸಣ್ಣ ಕಡತಗಳಿಗೂ ಸ್ಥಳವಿರುವುದಿಲ್ಲ. ಆದರೆ ಎಕ್ಸ್ಟ್೪ ಮಾದರಿಯ ಕಡತವ್ಯವಸ್ಥೆ ವಾಡಿಕೆಯಂತೆ ಶೇಕಡಾ ೫ರಷ್ಟು ಸ್ಥಳವನ್ನು ರೂಟಿಗೆಂದು ಕಾದಿರಿಸಿರುತ್ತದೆ. ಆದಕಾರಣ ನಮಗೆ ತೆರೆಯದ ಬಾಗಿಲು ರೂಟಿಗೆ ತೆರೆಯುತ್ತದೆ. ರೂಟ್ ಪ್ರವೇಶವೇ ಪರಿಹಾರವೆಂದು ಇಲ್ಲಿ ಭ್ರಮಿಸುವುದು ಸಹಜ. ಆ ಭ್ರಮೆಯಲ್ಲಿ ಕಾದಿರಿಸಿದ ಸ್ಥಳವನ್ನೂ ತುಂಬಿಸಿದರೆ ರಿಪೇರಿಗೂ ಎಡೆಯಿರದು.

ಇದಕ್ಕೆ ಒಂದು ಆಕ್ಷೇಪವಿದೆ, ಮತ್ತು ಅದು ತೂಕವುಳ್ಳದ್ದು. 'ಯಂತ್ರ ನನ್ನೊಬ್ಬನದೇ. ನನ್ನ ಟಿಪ್ಪಣಿ, ಛಾಯಾಚಿತ್ರಗಳೆಲ್ಲ ನನ್ನ ಹೆಸರಿನಲ್ಲಿಯೇ ಇವೆ. ಕಳ್ಳ ಕಾರ್ಯಕ್ರಮವೊಂದು ನನ್ನ ಅಧಿಕಾರದಿಂದಲೇ ಅವನ್ನು ಅಳಿಸಬಲ್ಲದು. ರೂಟ್ ಉಳಿದರೆ ನನಗೇನು?' ಎನ್ನುವವರುಂಟು. ನಿಜ, ಸ್ವಂತ ಕಡತಗಳಿಗೆ ಪ್ರತಿ ತೆಗೆದಿಡುವುದರ ಹೊರತು ಬೇರೆ ರಕ್ಷೆಯಿಲ್ಲ. ಆದರೆ ವ್ಯವಸ್ಥೆ ಉಳಿದಿದ್ದರೆ ತಾನೆ ಆ ಪ್ರತಿಯನ್ನು ಮರಳಿ ತರುವುದು? ಅಧಿಕಾರ ಬೇಕಾದ ಗಳಿಗೆಗೆ 'ಸುಡೊ' ಇದೆ. ಒಂದು ಆಜ್ಞೆಗೆ ಮಾತ್ರ ಅಧಿಕಾರವನ್ನು ಎರವಲು ಪಡೆದರಾಯಿತು. ೨೦೦೪ರಲ್ಲಿ ಹೊರಬಂದ ಉಬುಂಟು ಮೊದಲಿನಿಂದಲೂ ರೂಟ್ ಪ್ರವೇಶಕ್ಕೆ ಬೀಗ ಹಾಕಿ ಇದೊಂದನ್ನೇ ನೆಚ್ಚಿದೆ.

ಒಂಟಿಯಾಗಿ ಬಳಸುವವರ ಮಾತು ಹಾಗಿರಲಿ. ಹತ್ತಾರು ಮಂದಿ ಸರದಿಯಂತೆ ಕುಳಿತುಕೊಳ್ಳುವ ಶಾಲಾಕಾಲೇಜುಗಳ ಪ್ರಯೋಗಾಲಯದಲ್ಲಿ ಎಲ್ಲರಿಗೂ ಒಂದೇ ಹೆಸರು, ಅದೂ ರೂಟ್, ಎಂಬ ಏರ್ಪಾಡನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಒಬ್ಬಳು ವಾರವೆಲ್ಲ ಬರೆದ ಕಾರ್ಯಕ್ರಮವನ್ನು ಮುಂದಿನ ತರಗತಿಯವನು ಅರಿಯದೆ ಅಳಿಸಿದರೆ ಯಾರನ್ನು ಕೇಳುವುದು? ದಾಖಲೆಯಲ್ಲಿ ಉಳಿಯುವುದು ಅದೊಂದೇ ಹೆಸರು. ನೂರು ಮಂದಿಗೆ ಪ್ರತ್ಯೇಕ ಹೆಸರು ಕೊಡುವುದು ತ್ರಾಸವೆಂಬ ನೆಪವೂ ಸಲ್ಲದು. ಹಾಜರಿ ಪುಸ್ತಕದ ಹೆಸರುಗಳನ್ನು ಒಂದು ಕಡತದಲ್ಲಿ ಕ್ರಮವಾಗಿ ಬರೆದುಕೊಟ್ಟರೆ 'ನ್ಯೂಯೂಸರ್ಸ್' ಆಜ್ಞೆ ಎಲ್ಲರನ್ನೂ ಒಮ್ಮೆಗೇ ಸೇರಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲಿರುವ ಸಂಕೇತಪದಗಳು ಉಪಾಧ್ಯಾಯರಿಗೂ ತಿಳಿದಿರುವುದರಿಂದ, ಮೊದಲ ಪ್ರವೇಶದಲ್ಲಿಯೇ ಅದನ್ನು ಬದಲಾಯಿಸಲೇಬೇಕೆಂದು 'ಚೇಜ್' ಆಜ್ಞೆಯ ಮೂಲಕ ಪ್ರತಿಯೊಬ್ಬರಿಗೂ ಕಡ್ಡಾಯ ಮಾಡಿ, ಪಟ್ಟಿಯನ್ನು ಅಂದೇ ಅಳಿಸಿಹಾಕತಕ್ಕದ್ದು.