ಕಡಿಮೆ ಸಾಮಾನಿನ ಮನೆ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳ ಹೊಸ ಫ್ಲ್ಯಾಟಿಗೆ ಹೋಗಿದ್ದೆ. ಬಿಳಿ ಗೋಡೆ, ಒಂದು ಸೋಫಾ, ಒಂದು ಹೂದಾನಿ. "ಬೇಡದ್ದನ್ನೆಲ್ಲ ತೆಗೆದುಬಿಟ್ಟೆ ಟೀಚರ್, ಮನಸ್ಸು ಹಗುರವಾಯಿತು" ಎಂದಳು. ಜಪಾನಿನ ಮಾರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಈ ಮಾತು ನಮ್ಮೂರಿಗೂ ತಲುಪಿದೆ. ಒಳ್ಳೆಯದೇ. ಉಡದ ಬಟ್ಟೆ, ಮುಟ್ಟದ ಪಾತ್ರೆಗಳಿಗಾಗಿ ಕಪಾಟಿನ ಮೇಲೆ ಕಪಾಟು ಮಾಡಿಸುವವರು ನಾವೇ ಅಲ್ಲವೇ?

ಆದರೆ ಮರಳುವಾಗ ನೆನಪಾದದ್ದು ನಮ್ಮ ಓಣಿಯಲ್ಲಿದ್ದ ಹೊಲಿಗೆಯ ಅಕ್ಕ. ಒಂದೇ ಕೋಣೆ, ಒಂದು ಮೆಷಿನ್, ಎರಡು ಚಾಪೆ, ನಾಲ್ಕಾರು ಪಾತ್ರೆ. ಅಷ್ಟರಲ್ಲೇ ಮೂವರು ಮಕ್ಕಳನ್ನು ಬೆಳೆಸಿದರು. ಹೇಗೆ? ಹಬ್ಬಕ್ಕೆ ದೊಡ್ಡ ಪಾತ್ರೆ ಪಕ್ಕದ ಮನೆಯದು, ಏಣಿ ಎದುರು ಮನೆಯದು, ಫ್ರಿಜ್ಜು ನಮ್ಮದು. ಓಣಿಯೇ ಅವರ ಕಪಾಟು.

ಮುಖ್ಯರಸ್ತೆ ಅಗಲವಾಯಿತು. ಶೋರೂಮುಗಳು ಬಂದವು. ಹಳೆಯ ಮನೆಗಳು ಉರುಳಿ ಫ್ಲ್ಯಾಟುಗಳೆದ್ದವು. ಅಕ್ಕನ ಬಾಡಿಗೆ ಎರಡು ಪಟ್ಟಾಯಿತು. ಉಳ್ಳವರು ಬಂದು ನೆಲೆಸಿದಂತೆ ಇಲ್ಲದವರು ಜಾಗ ಬಿಡಬೇಕಾಗುವ ಈ ಬದಲಾವಣೆಯನ್ನು ಲಂಡನ್ನಿನಲ್ಲಿ ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, 1964ರಲ್ಲೇ ಅದಕ್ಕೆ 'ಜೆಂಟ್ರಿಫಿಕೇಶನ್' ಎಂದು ಹೆಸರಿಟ್ಟಿದ್ದರು.

ಅಕ್ಕ ಊರಾಚೆ ಹೋದರು. ಹಳೆಯ ಗಿರಾಕಿಗಳು ಅಷ್ಟು ದೂರ ಹೋಗುವುದಿಲ್ಲ. ಸಾಲ ಮಾಡಿ ಫ್ರಿಜ್ಜು ಕೊಂಡರು. "ಈಗ ಮನೆ ತುಂಬ ಸಾಮಾನು ಟೀಚರೇ, ಕೇಳಿ ತರಲು ಇಲ್ಲಿ ಯಾರಿದ್ದಾರೆ?" ಎಂದು ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಸಹೋದರಿಯರೇ, ಇನ್ನೊಬ್ಬರನ್ನು ದೂರುವುದು ಸುಲಭ. ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಆಟೋ ಚಾಲಕರೊಬ್ಬರ ಕುಟುಂಬ ಬಹಳ ವರ್ಷಗಳಿಂದ ಬಾಡಿಗೆಗಿದೆ. ಮೊನ್ನೆ ಬ್ರೋಕರ್ ಬಂದು, ಅವರನ್ನು ಬಿಡಿಸಿದರೆ ಎರಡು ಪಟ್ಟು ಬಾಡಿಗೆ ಕೊಡಿಸುವೆನೆಂದ. ಮಗಳ ಕಾಲೇಜು ಫೀಸು ಎದುರಿಗಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಮನೆಯವರೂ ನಾನೂ ಆ ಕುಟುಂಬದೊಂದಿಗೆ ಕುಳಿತು ಮಾತಾಡಿದೆವು. ಐನೂರು ರೂಪಾಯಿ ಹೆಚ್ಚಿಗೆ ಕೊಡಬಲ್ಲೆವೆಂದರು. ಒಪ್ಪಿದೆವು. ಫೀಸಿಗೆ ಬಿದ್ದ ಕೊರತೆಗೆ ಹೊಸ ಸೋಫಾಕ್ಕೆಂದು ಕೂಡಿಟ್ಟಿದ್ದ ಹಣ ತೆಗೆದೆ. ಹಳೆಯದು ಇನ್ನೂ ಕೂರಲು ಚೆನ್ನಾಗಿಯೇ ಇದೆ.

ಬೇಡದ್ದನ್ನು ಬಿಡುವುದು ನಮ್ಮ ಮನೆಯ ಅಂದಕ್ಕೆ ಮಾತ್ರವಾದರೆ ಅದೂ ಒಂದು ಅಲಂಕಾರವೇ. ಇನ್ನೊಬ್ಬರು ಇದ್ದಲ್ಲೇ ಇರಲು ಅದರಿಂದ ಸಾಧ್ಯವಾದರೆ ಅದಕ್ಕೊಂದು ಬೆಲೆ. ಸಾರಿಗೆ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡುವಂತೆ ಪ್ರವಾದಿಯವರು(ಸ) ಅಬೂದರ್(ರ)ರಿಗೆ ಹೇಳಿದ್ದರು. ನೆರೆಯವರೇ ಉಳಿಯದ ಓಣಿಯಲ್ಲಿ ಆ ಸಾರನ್ನು ಯಾರಿಗೆ ಕೊಡೋಣ?